ಟ್ರ್ಯಾಶ್‌ನಲ್ಲಿದ್ದ ಮೇಲ್ ಸಂಜೆಗೆ ಮಾಯ: ಗದಗಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ಬಗ್ಗೆ

ಟಾಂಗಾಕೂಟದಿಂದ ಸ್ವಲ್ಪ ಒಳಗೆ, ಮೊದಲ ಮಹಡಿಯಲ್ಲಿರುವ ಸಣ್ಣ ಅಂಗಡಿ ಇದು. ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ಕೆಳಗಿನ ಬಟ್ಟೆ ಅಂಗಡಿಯವರನ್ನೇ ಕೇಳಬೇಕು. ಲ್ಯಾಪ್‌ಟಾಪ್ ಸ್ಕ್ರೀನ್, ವಿಂಡೋಸ್ ಹಾಕುವುದು, ಸಿಸಿಟಿವಿ ಎಲ್ಲ ಮಾಡುತ್ತಾರೆ. ನನ್ನ ತಕರಾರು ಬೇರೆಯದೇ ಇತ್ತು. ಡಿಲೀಟ್ ಮಾಡಿದ ಮೇಲ್‌ಗಳು ಟ್ರ್ಯಾಶ್‌ನಲ್ಲೂ ಉಳಿಯುತ್ತಿರಲಿಲ್ಲ. ಆ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಸ್ಟಾರ್ ಧಾರಾಳವಾಗಿ ಕೊಡುತ್ತೇನೆ.

ನಮ್ಮದು ಪ್ರಿಂಟಿಂಗ್ ಪ್ರೆಸ್. ಗದಗನ್ನು ಮುದ್ರಣ ಕಾಶಿ ಅಂತಾರೆ, ಆದರೆ ಈಗ ಕಾಶಿಗೆ ಬರುವವರು ಜಾಸ್ತಿ ಮೇಲ್‌ನಲ್ಲೇ ಬರುತ್ತಾರೆ. ಮದುವೆ ಕಾರ್ಡಿನ ಮ್ಯಾಟರ್, ಕೋರೆಲ್‌ಡ್ರಾ ಫೈಲ್, ಪ್ರೂಫ್ ತಿದ್ದುಪಡಿ, ಎಲ್ಲ ಒಂದೇ ಜಿಮೇಲ್ ಅಕೌಂಟಿಗೆ. ಬಿಟ್ಟಿ ಸಿಗುವ ಜಾಗ 15 ಜಿಬಿ, ಅದೂ ಡ್ರೈವ್, ಫೋಟೋಸ್ ಎಲ್ಲ ಸೇರಿ. ಹಾಗಾಗಿ ಅಚ್ಚಿನ ಪ್ಲೇಟಿಗೆ ಹೋದ ಕೆಲಸದ ಮೇಲ್ ಡಿಲೀಟ್ ಮಾಡುವುದು ನಮ್ಮಲ್ಲಿ ರೂಢಿ. 30 ದಿನ ಟ್ರ್ಯಾಶ್‌ನಲ್ಲಿ ಇರುತ್ತದೆ, ಅಷ್ಟರೊಳಗೆ ಗಿರಾಕಿ ಮಾಲು ಒಯ್ದು ದುಡ್ಡೂ ಕೊಟ್ಟಿರುತ್ತಾರೆ.

ಸೆಪ್ಟೆಂಬರ್ ಅಂದರೆ ನಮಗೆ ಸಹಕಾರಿ ಸಂಘಗಳ ವಾರ್ಷಿಕ ಸಭೆಯ ಸೀಸನ್. ಒಂದು ಪತ್ತಿನ ಸಂಘದ ವರದಿ ಅಚ್ಚಾಗಿ ಹೋದ ಮೇಲೆ, ಅಢಾವೆ ಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಿದೆ, ನಾವು ಒಪ್ಪಿದ್ದು ಇದಲ್ಲ ಅಂದರು. ಅವರೇ ಓಕೆ ಮಾಡಿ ಕಳಿಸಿದ ಮೇಲ್ ತೋರಿಸೋಣ ಅಂತ ಟ್ರ್ಯಾಶ್ ತೆಗೆದರೆ ಖಾಲಿ. ಆ ವಾರದ್ದು ಬಿಡಿ, ಅವತ್ತು ಬೆಳಿಗ್ಗೆ ಡಿಲೀಟ್ ಮಾಡಿದ್ದೂ ಸಂಜೆಗೆ ಇರಲಿಲ್ಲ.

ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಮನೆಯವರು ಪಾಸ್‌ವರ್ಡ್ ಬದಲಿಸಿದರು. ಅವತ್ತು ಟ್ರ್ಯಾಶ್ ಹಾಗೇ ಉಳಿಯಿತು. ಗೆದ್ದೆವು ಅಂದುಕೊಂಡರೆ ಮರುದಿನ ಸಂಜೆ ಮತ್ತೆ ಖಾಲಿ. ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್ ಮಾಡಿದೆ. ಮಾತು ಪೂರ್ತಿ ಕೇಳುವ ಮೊದಲೇ ಹಾರ್ಡ್‌ಡಿಸ್ಕ್ ಬಿಚ್ಚಿ ತನ್ನಿ, ಡೇಟಾ ರಿಕವರಿ ಮಾಡೋಣ ಅಂದರು, ಸಾವಿರಗಳ ಲೆಕ್ಕದಲ್ಲಿ ರೇಟೂ ಹೇಳಿದರು. ನಾನು ಬ್ರೌಸರ್‌ನಲ್ಲಿ ನೋಡುವ ಮೇಲ್‌ಗೆ ನನ್ನ ಹಾರ್ಡ್‌ಡಿಸ್ಕ್ ಬಿಚ್ಚಿ ಏನು ಸಿಗಬೇಕು?

ಟಾಂಗಾಕೂಟದವರು ರೇಟ್ ಮಾತೇ ಎತ್ತಲಿಲ್ಲ. ಮೊದಲ ಪ್ರಶ್ನೆ: "ಅಕ್ಕಾರ, ಈ ಮೇಲ್ ಎಷ್ಟು ಮಷಿನ್‌ನ್ಯಾಗ ಓಪನ್ ಐತ್ರೀ?" ಎರಡನೆಯದು: "ಪಾಸ್‌ವರ್ಡ್ ಬದಲ್ ಮಾಡಿದ ಮ್ಯಾಲೆ ಹೊಸಾದು ಯಾರ್ ಕೇಳಿದ್ರು?" ಕೇಳಿದ್ದು ನಮ್ಮ ಹಿಂದಿನ ಕೋಣೆಯಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗ. ಅವನ ಮಷಿನ್ ಮತ್ತೆ ಲಾಗಿನ್ ಕೇಳುತ್ತಿದೆ ಅಂದಿದ್ದ, ಕೊಟ್ಟಿದ್ದೆವು. ಅರ್ಧ ಉತ್ತರ ಅಲ್ಲೇ ಇತ್ತು.

ಬೆಳಿಗ್ಗೆ ಬರುತ್ತೇನೆ ಅಂದವರು ಬಂದಿದ್ದು ಪ್ರೆಸ್ ಮುಚ್ಚುವ ಹೊತ್ತಿಗೆ. ಅರ್ಧ ಸ್ಟಾರ್ ಕಟ್ ಆಗಿದ್ದು ಇದಕ್ಕೇ. ಒಂದು ಫೋನ್ ಆದರೂ ಮಾಡಬೇಕಲ್ವಾ? ಆದರೆ ಬಂದ ಮೇಲೆ ಗಡಿಬಿಡಿ ಮಾಡಲಿಲ್ಲ. ಬಂದ ಮೇಲ್ ತಾನಾಗೇ ಡಿಲೀಟ್ ಆಗುವಂಥ ಫಿಲ್ಟರ್ ಏನಾದರೂ ಇದೆಯಾ ಅಂತ ನೋಡಿದರು, ಇರಲಿಲ್ಲ. ಆಮೇಲೆ ಕಂಪ್ಯೂಟರ್‌ನಲ್ಲಿ ಜಿಮೇಲ್ ಪುಟದ ತಳಕ್ಕೆ ಇಳಿದು, ಬಲಗಡೆ ಸಣ್ಣಕ್ಷರದಲ್ಲಿರುವ ಡೀಟೇಲ್ಸ್ ಒತ್ತಿದರು. ಇಷ್ಟು ವರ್ಷ ಜಿಮೇಲ್ ಬಳಸುವ ನಾನು ಅದನ್ನು ಒತ್ತಿಯೇ ಇರಲಿಲ್ಲ. ಅಕೌಂಟನ್ನು ಇತ್ತೀಚೆಗೆ ಯಾವಾಗ, ಯಾವ ದಾರಿಯಿಂದ ತೆರೆದಿದ್ದಾರೆ ಅಂತ ಅಲ್ಲಿ ಬರುತ್ತದೆ. ಬ್ರೌಸರ್, ಮೊಬೈಲ್, ಜೊತೆಗೆ ಐಮ್ಯಾಪ್. ಹೊರಗಿನವರು ಯಾರೂ ಇರಲಿಲ್ಲ.

ಐಮ್ಯಾಪ್ ಅಂದರೆ ಬ್ರೌಸರ್ ಇಲ್ಲದೆ ಬೇರೆ ಮೇಲ್ ಸಾಫ್ಟ್‌ವೇರ್‌ನಿಂದ ಅಕೌಂಟ್ ತೆರೆಯುವ ದಾರಿ. ನಮ್ಮಲ್ಲಿ ಆ ಸಾಫ್ಟ್‌ವೇರ್ ಡಿಟಿಪಿ ಹುಡುಗನ ಮಷಿನ್‌ನಲ್ಲಿದ್ದ ಥಂಡರ್‌ಬರ್ಡ್. ನಾನು ಒಂದು ಮೇಲ್ ಡಿಲೀಟ್ ಮಾಡಿದೆ, ನನ್ನ ಟ್ರ್ಯಾಶ್‌ನಲ್ಲಿ ಕಂಡಿತು. "ಈಗ ಕ್ಲೋಸ್ ಮಾಡಪಾ" ಅಂತ ಹುಡುಗನಿಗೆ ಕೂಗಿ ಹೇಳಿದರು. ಅವನು ಮುಚ್ಚಿದ, ನಾನು ರಿಫ್ರೆಶ್ ಮಾಡಿದೆ, ಟ್ರ್ಯಾಶ್ ಖಾಲಿ! ಆ ಮಷಿನ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ, ಸರ್ವರ್ ಸೆಟ್ಟಿಂಗ್ಸ್ ಒಳಗೆ, 'ಎಂಪ್ಟಿ ಟ್ರ್ಯಾಶ್ ಆನ್ ಎಕ್ಸಿಟ್' ಅಂತ ಇದೆ. ಅದಕ್ಕೆ ಟಿಕ್ ಬಿದ್ದಿತ್ತು. ಥಂಡರ್‌ಬರ್ಡ್ ತಾನಾಗಿ ಹಾಕುವ ಟಿಕ್ ಅಲ್ಲ ಅದು. ಮಷಿನ್ ಸೆಕೆಂಡ್ ಹ್ಯಾಂಡ್, ರೆಡಿ ಮಾಡಿ ಕೊಟ್ಟವರು ಹಾಕಿರಬೇಕು.

"ಓಣಿಗೆಲ್ಲಾ ಒಂದ ಕಸದ ಡಬ್ಬಿ ಇದ್ದಂಗ್ರೀ ಇದು. ಯಾರ್ ಖಾಲಿ ಮಾಡಿದ್ರೂ ಎಲ್ಲಾರ್ದೂ ಹೋತು" ಅಂದರು. ಐಮ್ಯಾಪ್‌ನಲ್ಲಿ ಮೇಲ್ ಇರುವುದು ಗೂಗಲ್‌ನ ಸರ್ವರ್‌ನಲ್ಲಿ, ಮಷಿನ್‌ಗಳು ಅದನ್ನೇ ತೋರಿಸುತ್ತವೆ. 30 ದಿನದ ಲೆಕ್ಕ ಯಾರೂ ಮುಟ್ಟದಿದ್ದರೆ ಮಾತ್ರ. ಔಟ್‌ಲುಕ್‌ನಲ್ಲೂ ಮುಚ್ಚುವಾಗ ಡಿಲೀಟೆಡ್ ಐಟಮ್ಸ್ ಖಾಲಿ ಮಾಡುವ ಆಯ್ಕೆ ಇದೆಯಂತೆ, ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಒಳಗೆ. ಐಫೋನ್‌ನ ಮೇಲ್ ಆ್ಯಪ್‌ನಲ್ಲಿ ಡಿಲೀಟ್ ಆದದ್ದನ್ನು ಒಂದು ದಿನಕ್ಕೋ, ವಾರಕ್ಕೋ, ತಿಂಗಳಿಗೋ ತೆಗೆಯುವಂತೆ ಇಡಬಹುದು. ಮನೆಯವರ ಫೋನನ್ನೂ ಕೇಳಿ ಪಡೆದು ನೋಡಿದರು.

ಟಿಕ್ ತೆಗೆದು 300 ರೂಪಾಯಿ ಇಸಿದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಥಂಡರ್‌ಬರ್ಡ್ ಸಾಮಾನ್ಯವಾಗಿ ಇನ್‌ಬಾಕ್ಸ್‌ನ ಮೇಲ್‌ಗಳ ಒಂದು ಕಾಪಿಯನ್ನು ಆ ಮಷಿನ್‌ನ ಡಿಸ್ಕ್‌ನಲ್ಲೂ ಒಂದೇ ದೊಡ್ಡ ಫೈಲಿನೊಳಗೆ ಇಡುತ್ತದೆ. ಡಿಲೀಟ್ ಮಾಡಿದರೂ ಆ ಫೈಲಿನಿಂದ ಕೂಡಲೇ ಅಳಿಸುವುದಿಲ್ಲ, ಕಾಂಪ್ಯಾಕ್ಟ್ ಮಾಡುವ ತನಕ, ಅಂದರೆ ಡಿಲೀಟ್ ಆದದ್ದನ್ನು ನಿಜಕ್ಕೂ ತೆಗೆದು ಫೈಲ್ ಚಿಕ್ಕದು ಮಾಡುವ ತನಕ, ಅಲ್ಲೇ ಬಿದ್ದಿರುತ್ತದೆ. "ಕಾಂಪ್ಯಾಕ್ಟ್ ಮಾಡ್ಲ್ಯಾ ಅಂತ ಕೇಳಿದ್ರ ಬ್ಯಾಡ ಅನ್ನು" ಅಂತ ಹುಡುಗನಿಗೆ ಹೇಳಿ, ನೆಟ್ ಕೇಬಲ್ ಕಿತ್ತು, ಫೈಲ್ ಕಾಪಿ ಮಾಡಿಕೊಂಡು ಆ ಕಾಪಿಯನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರು. ಅರ್ಥವಾಗದ ಅಕ್ಷರಗಳ ರಾಶಿ. ಸಂಘದ ಕಾರ್ಯದರ್ಶಿಯ ಮೇಲ್ ವಿಳಾಸ ಹಾಕಿ ಹುಡುಕಿದರೆ ಓಕೆ ಮೇಲ್ ಸಿಕ್ಕಿತು. ಅಷ್ಟು ಭಾಗ ಕತ್ತರಿಸಿ ಬೇರೆ ಫೈಲ್ ಮಾಡಿ ಇಎಂಎಲ್ (ಒಂದೇ ಮೇಲ್ ಇಡುವ ಫೈಲ್) ಅಂತ ಸೇವ್ ಮಾಡಿದರು. ಅದನ್ನು ತೆರೆದರೆ ಪೂರ್ತಿ ಮೇಲ್, ಪಿಡಿಎಫ್ ಸಮೇತ. ಅಂಕಿ ಅವರು ಒಪ್ಪಿದ್ದೇ ಇತ್ತು. ಬಿಲ್ ಪಾಸಾಯಿತು.

ಎಲ್ಲ ಸಿಗಲಿಲ್ಲ. ಹಳೆಯವು ಕೆಲವು ಕಾಂಪ್ಯಾಕ್ಟ್‌ನಲ್ಲಿ ಹೋಗಿದ್ದವು. ಅವಕ್ಕೆ ಗೂಗಲ್‌ನ ಹೆಲ್ಪ್ ಪುಟದಿಂದ ಕೇಳಿ ನೋಡಿ, ಗ್ಯಾರಂಟಿ ಇಲ್ಲ ಅಂತ ನೇರವಾಗಿ ಹೇಳಿದರು. ಈ ನೇರ ಮಾತು ನನಗೆ ಜಾಸ್ತಿ ಹಿಡಿಸಿತು.

ಒಟ್ಟು 600 ರೂಪಾಯಿ ತೆಗೆದುಕೊಂಡರು. ಬಿಲ್ ಕೇಳಿದರೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದರು, ಇನ್ನೂ ಬಂದಿಲ್ಲ. ಓಕೆ ಬಂದ ಮೇಲ್‌ಗಳನ್ನು ಡಿಲೀಟ್ ಬದಲು ಲೇಬಲ್ ಹಾಕಿ ಆರ್ಕೈವ್ ಮಾಡಿ, ದೊಡ್ಡ ಫೈಲ್‌ಗಳನ್ನು ಮಾತ್ರ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಂಡು ತೆಗೆಯಿರಿ ಅಂದರು. ಟ್ರ್ಯಾಶ್‌ನಲ್ಲಿದ್ದದ್ದೂ 15 ಜಿಬಿಯ ಲೆಕ್ಕಕ್ಕೇ ಸೇರುತ್ತದೆ ಅಂತ ಆಗಲೇ ಗೊತ್ತಾಗಿದ್ದು.

ಹೋಗುವವರು ಹನ್ನೊಂದರೊಳಗೆ ಹೋಗಿ, ಆಮೇಲೆ ಅವರು ಸಿಸಿಟಿವಿ ಕೆಲಸಕ್ಕೆ ಮುಂಡರಗಿ, ರೋಣದ ಕಡೆ ಹೊರಟುಬಿಡುತ್ತಾರೆ. ಮೇಲ್, ವಿಂಡೋಸ್ ತಕರಾರಿದ್ದರೆ ಕಣ್ಣು ಮುಚ್ಚಿ ಕೊಡಬಹುದು. ಪ್ರಿಂಟರ್ ಮಾತ್ರ ಕೊಡಬೇಡಿ. ನಮ್ಮದು ಇನ್ನೂ ಅವರ ಅಂಗಡಿಯಲ್ಲೇ ಇದೆ.