ಪಿಗ್ಮಿ ದುಡ್ಡಿನ ಸ್ವಿಸ್ ವಾಚು, ಬೆಳಕಿನಲ್ಲಿ ಓಡುವ ಸಿಟಿಜನ್: ಕುಮಟಾದ ಮಳೆಯಲ್ಲಿ ಎರಡನ್ನೂ ಕಟ್ಟಿ ನೋಡಿದ್ದು

ಅಕ್ಕನ ಮಗ ಕಾರವಾರದಿಂದ ಫೋನ್ ಮಾಡಿದ್ದ. "ಚಿಕ್ಕೀ, ಎರಡು ಲಕ್ಷ ಕೂಡಿಸಿದ್ದೇನೆ. ನಿನ್ನ ಹಾಗೇ ಒಂದು ಸ್ವಿಸ್ ವಾಚು ತಗೊಳ್ಳಲಾ?" ಅಂತ ಕೇಳಿದ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವಾಗ ನನ್ನ ಕೈಯಲ್ಲಿರುವುದು 13,500 ರೂಪಾಯಿಯ ಸಿಟಿಜನ್ ಇಕೊ-ಡ್ರೈವ್. 1,78,000 ಕೊಟ್ಟು ತಂದ ಸ್ವಿಸ್ ಆಟೊಮ್ಯಾಟಿಕ್ (ಕೈ ಆಡಿದ ಹಾಗೆ ತಾನೇ ಚಾವಿ ಸುತ್ತಿಕೊಳ್ಳುವ ವಾಚು) ಕಪಾಟಿನೊಳಗೆ, ಗಾಳಿಯಾಡದ ಡಬ್ಬಿಯಲ್ಲಿದೆ. ಮೂರನೆಯದು ಅಪ್ಪನ ಹೆಚ್‌ಎಂಟಿ ಜನತಾ. ಅದರದ್ದು ಬೇರೆಯೇ ಮಾತು, ಕೊನೆಗೆ ಬರುತ್ತೇನೆ. ಸ್ವಿಸ್ ಕಂಪನಿಯ ಹೆಸರು ಬರೆಯುವುದಿಲ್ಲ. ನನಗೆ ಆದದ್ದು ಆ ಥರದ ಯಾವ ವಾಚಿಗೂ ನಮ್ಮ ಕರಾವಳಿಯಲ್ಲಿ ಆಗಬಹುದು.

ಕುಮಟಾದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲಿಯುತ್ತಿದ್ದೇನೆ. ಪಿಗ್ಮಿ ಕಟ್ಟುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲೇ ದಿನಕ್ಕೆ ಎರಡಾಣೆಯಂತೆ ಇದನ್ನು ಶುರುಮಾಡಿತ್ತು. ನಾನು ಸೊಸೈಟಿಯ ಹುಡುಗನ ಕೈಗೆ ದಿನಾ ನೂರು ರೂಪಾಯಿ ಕೊಡುತ್ತಿದ್ದೆ. ಐದು ವರ್ಷಕ್ಕೆ 1,82,500 ಆಯಿತು, ಬಡ್ಡಿ ಬೇರೆ. ಅಲ್ಲಿಯವರೆಗೆ ಕೂಡಿಸಿದ್ದೆಲ್ಲ ಮಗಳ ಓದು, ಮನೆಯ ಹಂಚು, ಯಾರದೋ ಮದುವೆ ಅಂತ ಹೋಗಿತ್ತು. ಈ ಸಲದ್ದು ನನಗೇ ಅಂತ ಮೊದಲೇ ನಿಶ್ಚಯ ಮಾಡಿದ್ದೆ.

ಬೆಂಗಳೂರಿನ ಶೋರೂಮಿನಲ್ಲಿ ವಾಚನ್ನು ತಿರುಗಿಸಿ ಹಿಂದಿನ ಗಾಜಿನಿಂದ ಒಳಗೆ ತೋರಿಸಿದರು. ಚಕ್ರಗಳು ಓಡುತ್ತಿದ್ದವು. ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಅದಕ್ಕೇ ಸೆಕೆಂಡ್ ಮುಳ್ಳು ಕುಪ್ಪಳಿಸದೆ ಜಾರಿದ ಹಾಗೆ ಹೋಗುತ್ತದೆ. ಮಶೀನಿನ ಜೊತೆಗೇ ಬದುಕಿದವಳು ನಾನು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಚೊಕ್ಕ ಕೆಲಸ ನೋಡಿ ಗಂಟಲು ಕಟ್ಟಿತು. ಆ ಸಂತೋಷ ಸುಳ್ಳಲ್ಲ. ಇವತ್ತಿಗೂ ಅದನ್ನು ಕೈಗೆತ್ತಿಕೊಂಡರೆ ಅದೇ ಸಂತೋಷ ಆಗುತ್ತದೆ. ಮನೆಯಲ್ಲಿ ಎಲ್ಲರೂ "ಬಂಗಾರ ತಗೊಳ್ಳಬಹುದಿತ್ತು" ಅಂದರು. ದುಡ್ಡಿನ ಲೆಕ್ಕಕ್ಕೆ ಅವರು ಹೇಳಿದ್ದೇ ಸರಿ.

ಈಗ ತೊಂದರೆಯ ಮಾತು. ಇದನ್ನು ಸ್ವಲ್ಪ ಉದ್ದ ಬರೆಯಬೇಕು.

ತಂದದ್ದು ದೀಪಾವಳಿ ಕಳೆದ ಮೇಲೆ. ಬೇಸಿಗೆಯವರೆಗೆ ಏನೂ ಇಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಒಂದು ದಿನ ಬ್ಯಾಂಕಿಗೆ ಹೋಗಿದ್ದೆ. ಎಸಿಯಲ್ಲಿ ಹತ್ತು ನಿಮಿಷ ಕೂತಿರಬೇಕು. ಟೈಮ್ ನೋಡಲು ಕೈ ಎತ್ತಿದರೆ ಆರರ ಅಂಕಿಯ ಹತ್ತಿರ ಗಾಜು ಬೆವರಿತ್ತು. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ಬೆವರು ಇದ್ದದ್ದು ಒಳಗೆ. ಅಂಗಡಿಗೆ ಬಂದ ಮೇಲೆ ತಾನಾಗಿಯೇ ಮಾಯವಾಯಿತು. ಮರುದಿನ ಸಂಜೆ ಮತ್ತೆ ಬಂತು. ವಾಚಿನೊಳಗೆ ತೇವ ಸೇರಿದ್ದರೆ, ಗಾಜು ತಣ್ಣಗಾದ ಕೂಡಲೇ ಅದು ಇಬ್ಬನಿಯಾಗಿ ಕೂರುತ್ತದೆ. ಬಿಸಿಯಾದರೆ ಕಾಣುವುದಿಲ್ಲ. ಕಾಣದಿದ್ದರೂ ತೇವ ಒಳಗೇ ಇರುತ್ತದೆ, ಅದು ಉಕ್ಕನ್ನು ತಿನ್ನುತ್ತದೆ.

ಯಾರೋ ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ ಅಂದರು. ಮೂರು ದಿನ ಇಟ್ಟೆ. ಮುಚ್ಚಿದ ವಾಚಿನ ಒಳಗಿನ ತೇವವನ್ನು ಅಕ್ಕಿ ಹೇಗೆ ಎಳೆದೀತು? ಹಳೆಯ ರಿಪೇರಿಯವರೊಬ್ಬರ ಹತ್ತಿರ ಹೋದೆ. ಅಪ್ಪನ ಜನತಾ ಮೂವತ್ತು ವರ್ಷದಿಂದ ಅವರ ಕೈಯಲ್ಲೇ ಬದುಕಿದೆ. ಕಣ್ಣಿಗೆ ಭೂತಗನ್ನಡಿ ಹಾಕಿ, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬಟ್ಟೆಯಲ್ಲಿ ಸುತ್ತಿ ವಾಪಸ್ ಕೊಟ್ಟರು. "ತಂಗೀ, ಇದನ್ನ ನಾನು ಮುಟ್ಟೋದಿಲ್ಲ. ಮುಚ್ಚಳ ತೆಗೆದ್ರೆ ಕಂಪನಿಯವರು ವಾರಂಟಿ ಇಲ್ಲ ಅಂತಾರೆ. ಇದರ ವಾಶರ್ ನನ್ನ ಹತ್ತಿರ ಇಲ್ಲ, ಹುಬ್ಬಳ್ಳಿಗೆ ಹೋದ್ರೂ ಸಿಗೋದಿಲ್ಲ. ತಡ ಮಾಡಬೇಡ, ಬೇಗ ಕಳಿಸು" ಅಂದರು.

ಕಳಿಸುವುದು ಅಂದರೆ ಹೇಗೆ? ಕೊರಿಯರಿನವರು ಅಷ್ಟು ಬೆಲೆಯ ವಸ್ತುವಿಗೆ ಜವಾಬ್ದಾರಿ ಇಲ್ಲ ಅಂದರು. ಕೊನೆಗೆ ನಾನೇ ಹೊರಟೆ. ಸಂಜೆ ಕುಮಟಾದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರು. ವಾಚು ಕೊಟ್ಟು, ಚೀಟಿ ಪಡೆದು, ಅವತ್ತೇ ರಾತ್ರಿ ವಾಪಸ್. ಎರಡು ದಿನ ಅಂಗಡಿ ಬಾಗಿಲು ಹಾಕಿತ್ತು. ಹತ್ತು ದಿನ ಬಿಟ್ಟು ಫೋನ್ ಬಂತು. ಕ್ರೌನಿನ (ಬದಿಯಲ್ಲಿ ಚಾವಿ ಕೊಡುವ ಗುಂಡಿ) ಕಡ್ಡಿಗೆ, ತಾರೀಕಿನ ಚಕ್ರದ ಕೆಳಗಿನ ಭಾಗಗಳಿಗೆ ತುಕ್ಕು ಹತ್ತಿದೆ. ಕ್ರೌನ್ ಪೂರ್ತಿ ಒಳಗೆ ಕೂರದೇ ಇದ್ದದ್ದರಿಂದ ನೀರು ಹೋಗಿದೆ, ಹಾಗಾಗಿ ವಾರಂಟಿಗೆ ಬರುವುದಿಲ್ಲ. ಖರ್ಚು 31,400. ಎಂಟು ವಾರ ಬೇಕು.

ಫೋನ್ ಇಟ್ಟು ಸುಮ್ನೆ ಕೂತೆ. ನನ್ನ ಒಂದು ವರ್ಷದ ಪಿಗ್ಮಿಯೇ 36,500 ಆಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದು ರಿಪೇರಿಗೆ ಹೋಯಿತು.

ಆ ಗುಂಡಿ ಯಾಕೆ ಸಡಿಲ ಇತ್ತು ಅಂತ ಎಷ್ಟೋ ರಾತ್ರಿ ಯೋಚಿಸಿದೆ. ಮೂಲ ಅಲ್ಲೇ ಇದೆ, ಅಲ್ವಾ? ಆಟೊಮ್ಯಾಟಿಕ್ ವಾಚಿಗೆ ಕೈ ಆಡಿದಷ್ಟು ಚಾವಿ ತಾನೇ ಸುತ್ತಿಕೊಳ್ಳುತ್ತದೆ. ಹೊಲಿಯುವಾಗ ನನ್ನ ಎಡಗೈ ಬಟ್ಟೆಯ ಮೇಲೆ ಒತ್ತಿ ಕೂತಿರುತ್ತದೆ, ಆಡುವುದು ಕಡಿಮೆ. ಪೂರ್ತಿ ಚಾವಿ ಇದ್ದರೆ 42 ಗಂಟೆ ಓಡುವ ವಾಚು ಅದು. ಆದರೆ ನನ್ನ ಕೈಯಲ್ಲಿ ಪೂರ್ತಿ ತುಂಬುತ್ತಲೇ ಇರಲಿಲ್ಲ. ಶನಿವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತಿತ್ತು. ಮತ್ತೆ ಗುಂಡಿ ಎಳೆ, ಟೈಮ್ ಕೂರಿಸು, ತಾರೀಕು ತಿರುಗಿಸು. ಸೋಮವಾರ ಬೆಳಗಿನ ಗಡಿಬಿಡಿಯಲ್ಲಿ ಒಮ್ಮೆ ಒತ್ತಿದ್ದು ಸರಿಯಾಗಿ ಕೂರದಿದ್ದರೆ ಮುಗಿಯಿತು. ರೇನ್‌ಕೋಟಿನ ತೋಳಿನಿಂದ ಇಳಿಯುವ ನೀರು ನೇರ ಮಣಿಕಟ್ಟಿಗೇ ಬರುತ್ತದೆ. ನಾನು ದಿನಾ ಸ್ಕೂಟರಿನಲ್ಲಿ ಓಡಾಡುವವಳು.

ಇನ್ನೊಂದು. ಹಿಂದಿನ ಮುಚ್ಚಳದ ಮೇಲೆ 30 ಮೀಟರ್ ಅಂತ ಬರೆದಿರುತ್ತದೆ. ಮೂವತ್ತು ಮೀಟರ್ ಆಳದ ನೀರಿಗೂ ಜಗ್ಗುವುದಿಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅದು ಪರೀಕ್ಷೆಯಲ್ಲಿ ಹಾಕುವ ಒತ್ತಡದ ಲೆಕ್ಕ. ಬಳಕೆಯಲ್ಲಿ ಅದರ ಅರ್ಥ ಕೈ ತೊಳೆಯುವಾಗ ನೀರು ಚಿಮ್ಮಿದರೆ ತೊಂದರೆ ಇಲ್ಲ ಅಂತ ಅಷ್ಟೇ. ಈಜಬೇಕೆಂದರೆ 100 ಮೀಟರ್ ಇರಬೇಕು. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ನಮ್ಮದು. ಮೇಲಿಂದ ಉಪ್ಪುಗಾಳಿ, ಹತ್ತಿರದಲ್ಲೇ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಕಿಟಕಿಯ ಸರಳಿಗೆ ವರ್ಷವರ್ಷ ಬಣ್ಣ ಹೊಡೆದರೂ ತುಕ್ಕು ಬಿಡುವುದಿಲ್ಲ. ಅಂಥ ಕಡೆ 30 ಮೀಟರಿನ ವಾಚನ್ನು ದಿನಾ ಕಟ್ಟುವುದಲ್ಲ. ಈ ಮಾತನ್ನು ಮಾರುವವರು ಹೇಳಲಿಲ್ಲ. ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಆ ಎಂಟು ವಾರದಲ್ಲೇ ಸಿಟಿಜನ್ ತಗೊಂಡದ್ದು. ಮೊಬೈಲಿನಲ್ಲಿ ಟೈಮ್ ನೋಡಬಹುದಲ್ಲ ಅಂತಾರೆ. ಎರಡೂ ಕೈಯಲ್ಲಿ ಬಟ್ಟೆ ಇರುವಾಗ ಮೊಬೈಲ್ ಯಾರು ತೆಗೆಯುತ್ತಾರೆ? ನನಗೆ ಮಣಿಕಟ್ಟಿನಲ್ಲೇ ಟೈಮ್ ಇರಬೇಕು.

ಇಕೊ-ಡ್ರೈವ್ ಅಂದರೆ ಡಯಲಿನ ಮೂಲಕ ಬೆಳಕು ಒಳಗೆ ಹೋಗಿ, ಕೆಳಗಿನ ಸೋಲಾರ್ ಬಿಲ್ಲೆ ಒಳಗಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಸಿಟಿಜನ್ ಕಂಪನಿ ಬೆಳಕಿನಲ್ಲಿ ಓಡುವ ಮುಳ್ಳಿನ ವಾಚನ್ನು ಮೊದಲು ತಂದದ್ದು 1976ರಲ್ಲಿ. ನನಗೆ ಇದ್ದ ಹೆದರಿಕೆ ಒಂದೇ. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರಲ್ಲಿ ಸೋಲಾರ್ ವಾಚು ಓಡುತ್ತದೆಯೇ? ಓಡುತ್ತದೆ. ನನ್ನ ಮಾಡೆಲ್ ಪೂರ್ತಿ ಚಾರ್ಜ್ ಆದರೆ ಕತ್ತಲಲ್ಲೂ ಸುಮಾರು ಆರು ತಿಂಗಳು ನಡೆಯುತ್ತದೆ ಎಂದು ಪುಸ್ತಕದಲ್ಲಿದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲೂ ನಿಧಾನಕ್ಕೆ ಚಾರ್ಜ್ ಆಗುತ್ತಲೇ ಇರುತ್ತದೆ. ಚಾರ್ಜ್ ಇಳಿದರೆ ಸೆಕೆಂಡ್ ಮುಳ್ಳು ಎರಡು ಸೆಕೆಂಡಿಗೊಮ್ಮೆ ಜಿಗಿದು ಎಚ್ಚರಿಸುತ್ತದೆ. ಎರಡು ಮಳೆಗಾಲದಲ್ಲಿ ಅದನ್ನು ಒಮ್ಮೆಯೂ ನೋಡಿಲ್ಲ.

ನಿಲ್ಲುವುದೇ ಇಲ್ಲ ಅಂದಮೇಲೆ ಗುಂಡಿ ಎಳೆಯುವ ಪ್ರಮೇಯವೂ ಇಲ್ಲ. ಮೂವತ್ತು ದಿನದ ತಿಂಗಳು ಮುಗಿದಾಗ, ಫೆಬ್ರವರಿ ಮುಗಿದಾಗ ತಾರೀಕು ಸರಿಮಾಡಬೇಕು. ವರ್ಷಕ್ಕೆ ಐದು ಸಲ. ಒಣ ಕೈಯಲ್ಲಿ, ಕೂತು ಮಾಡುತ್ತೇನೆ. 100 ಮೀಟರಿನ ವಾಚು ಇದು. ಮೀನು ತೊಳೆಯುವಾಗಲೂ ಬಿಚ್ಚುವುದಿಲ್ಲ.

ಟೈಮಿನ ಮಾತು. ಸ್ವಿಟ್ಜರ್ಲೆಂಡಿನಲ್ಲಿ ಕ್ರೊನೊಮೀಟರ್ (ತುಂಬಾ ನಿಖರವಾದ ವಾಚು) ಅಂತ ಸರ್ಟಿಫಿಕೇಟ್ ಸಿಗಬೇಕಾದರೆ ಯಂತ್ರದ ವಾಚು ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ, ಇದರೊಳಗೆ ಇರಬೇಕು. ಸಿಟಿಜನ್ ಒಳಗಿರುವುದು ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳು. ಅದರ ಲೆಕ್ಕ ತಿಂಗಳಿಗೆ 15 ಸೆಕೆಂಡಿನೊಳಗೆ ಹಿಂದೆ ಮುಂದೆ. ಈ ವಿಷಯದಲ್ಲಿ ಹೋಲಿಕೆಯೇ ಇಲ್ಲ.

ಹೊಲಿಗೆಯವರಿಗೆ ಒಂದು ಕಿವಿಮಾತು. ಬಿದ್ದ ಸೂಜಿ, ಗುಂಡುಪಿನ್ನು ಎತ್ತಲು ನಾವು ಮ್ಯಾಗ್ನೆಟ್ ಇಟ್ಟುಕೊಳ್ಳುತ್ತೇವೆ. ರಿಪೇರಿಯಿಂದ ಬಂದ ಸ್ವಿಸ್ ವಾಚು ಒಂದು ವಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡಿತು. ಒಳಗಿನ ಕೂದಲಿನಂಥ ಸ್ಪ್ರಿಂಗಿಗೆ ಮ್ಯಾಗ್ನೆಟ್ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ಓಟ ಕೀಳುತ್ತದೆ. ಇದನ್ನು ಮಾತ್ರ ನಮ್ಮ ರಿಪೇರಿಯವರೇ ಒಂದು ಸಣ್ಣ ಮಶೀನಿನ ಮೇಲಿಟ್ಟು ಅರ್ಧ ನಿಮಿಷದಲ್ಲಿ ಬಿಡಿಸಿದರು, ಮುಚ್ಚಳ ತೆಗೆಯದೆ. ಮುಳ್ಳಿನ ಕ್ವಾರ್ಟ್ಜ್ ವಾಚೂ ಮ್ಯಾಗ್ನೆಟ್ ಹತ್ತಿರ ನಿಲ್ಲಬಹುದು. ಆದರೆ ದೂರ ಸರಿದರೆ ಮತ್ತೆ ನಡೆಯುತ್ತದೆ, ಟೈಮ್ ಕೂರಿಸಿಕೊಂಡರೆ ಸಾಕು.

ಚಂದದಲ್ಲಿ ಸ್ವಿಸ್ ವಾಚೇ ಮುಂದೆ. ಡಯಲಿನ ಕೆಲಸ, ಮುಳ್ಳಿನ ಅಂಚು, ಬೆಲ್ಟಿನ ಹೊಲಿಗೆ, ಎಲ್ಲವೂ. ಆ ಹೊಲಿಗೆ ನೋಡಿ ನಾನು ಎಷ್ಟೋ ಕಲಿತಿದ್ದೇನೆ.

ಮಾರುವ ಯೋಚನೆಯೂ ಬಂದಿತ್ತು. ಬೆಂಗಳೂರಿನಲ್ಲಿ ಹಳೇ ವಾಚು ಕೊಳ್ಳುವವರು 95,000 ಅಂದರು. ಅಷ್ಟಕ್ಕೆ ಮನಸ್ಸು ಬರಲಿಲ್ಲ. ಬೆಲೆ ಏರುತ್ತದೆ ಅನ್ನುವುದು ಕೆಲವೇ ಕಂಪನಿಗಳ ಕೆಲವೇ ಮಾಡೆಲಿಗೆ. ನಮ್ಮಂಥವರು ಕೊಳ್ಳುವ ವಾಚು ಅಂಗಡಿ ಮೆಟ್ಟಿಲು ಇಳಿದ ದಿನವೇ ಸೆಕೆಂಡ್ ಹ್ಯಾಂಡ್.

ಅಪ್ಪನ ಜನತಾ. 1961ರಲ್ಲಿ ಇದೇ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಹೆಚ್‌ಎಂಟಿ ವಾಚು ಶುರುವಾಯಿತು. 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ಜನತಾಕ್ಕೆ ದಿನಾ ಬೆಳಿಗ್ಗೆ ಚಾವಿ ಕೊಡಬೇಕು. ಅಪ್ಪ ಚಾ ಕುಡಿಯುವ ಮೊದಲು ಕೊಡುತ್ತಿದ್ದರು. ಈಗ ನಾನು ಭಾನುವಾರ ಮಾತ್ರ ಕೊಡುತ್ತೇನೆ. ಮಳೆಯಲ್ಲಿ ಹೊರಗೆ ತೆಗೆಯುವುದಿಲ್ಲ. ಸರ್ವೀಸಿಗೆ 500 ರೂಪಾಯಿ, ಎರಡು ದಿನ, ನಡೆದು ಹೋಗುವಷ್ಟು ಹತ್ತಿರ. ಬೆಲೆಬಾಳುವ ವಾಚು ಕೊಳ್ಳುವ ಮೊದಲು ಲೆಕ್ಕ ಹಾಕಬೇಕಾದದ್ದು ಇದನ್ನೇ. ಅದನ್ನು ಬಿಚ್ಚಬಲ್ಲ ಕೈ ನಿಮ್ಮ ಮನೆಯಿಂದ ಎಷ್ಟು ದೂರ? ನನ್ನ ಹೊಲಿಗೆ ಮಶೀನಿಗೆ ಪ್ರತಿ ಶನಿವಾರ ನಾನೇ ಎಣ್ಣೆ ಬಿಡುತ್ತೇನೆ. ಯಂತ್ರದ ವಾಚಿನ ಎಣ್ಣೆಯೂ ಕೆಲವು ವರ್ಷಕ್ಕೆ ಒಣಗುತ್ತದೆ. ಐದಾರು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಲೇಬೇಕು. ನೀರು ಹೋಗದಿದ್ದರೂ ಆ ಖರ್ಚು ತಪ್ಪಿದ್ದಲ್ಲ. ಮತ್ತೆ ಅದೇ ಪಂಚಗಂಗಾ ಎಕ್ಸ್‌ಪ್ರೆಸ್.

ಹಾಗಾದರೆ ನಿನಗೆ ಏನು ಹೇಳಲಿ, ಮಗಾ? ಆ ಎರಡು ಲಕ್ಷ ನಿನ್ನ ಹತ್ತಿರ ಇರುವ ಎಲ್ಲಾ ಉಳಿತಾಯ ಆಗಿದ್ದರೆ ಬೇಡ. ನಿನ್ನದು ಕಾಂಟ್ರ್ಯಾಕ್ಟ್ ಕೆಲಸ, ಬೈಕಿನಲ್ಲಿ ಓಡಾಟ, ಸಮುದ್ರದ ಪಕ್ಕ ರೂಮು. ಹದಿನೈದು ಸಾವಿರದೊಳಗೆ 100 ಮೀಟರಿನ ಸೋಲಾರ್ ವಾಚು ತಗೋ. ಉಳಿದದ್ದು ಬ್ಯಾಂಕಿನಲ್ಲಿರಲಿ. ಮೂರು ನಾಲ್ಕು ಪಟ್ಟು ಕೂಡಿದ ಮೇಲೂ ಆಸೆ ಹಾಗೇ ಇದ್ದರೆ ಧೈರ್ಯವಾಗಿ ತಗೋ, ನಾನೇ ಜೊತೆಗೆ ಬರುತ್ತೇನೆ. ಆಗಲೂ ತಿರುಗಿಸಿ ಮುಚ್ಚುವ ಕ್ರೌನ್ ಇರುವುದು, 100 ಮೀಟರ್ ಇರುವುದು ನೋಡು. ಅವಸರ ಏನೂ ಇಲ್ಲ. ಸ್ವಿಟ್ಜರ್ಲೆಂಡ್ ಇರುವ ಗುಂಪಿನ ಜೊತೆ ನಮ್ಮ ದೇಶ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚಿನ ಆಮದು ಸುಂಕ ವರ್ಷವರ್ಷ ಸ್ವಲ್ಪ ಸ್ವಲ್ಪ ಇಳಿಯಲಿದೆ.

ನನ್ನದು ಈಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿದೆ. ದೀಪಾವಳಿಗೆ ಹೊರಗೆ ಬರುತ್ತದೆ, ಸುಗ್ಗಿ ಹಬ್ಬದವರೆಗೆ ಮದುವೆ, ಮುಂಜಿಗೆ ಕಟ್ಟುತ್ತೇನೆ. ಈ ದೀಪಾವಳಿಗೆ ಬಾ. ಒಂದು ವಾರ ನೀನೇ ಕಟ್ಟಿಕೊಂಡು ಓಡಾಡು. ಶನಿವಾರ ರಾತ್ರಿ ಬಿಚ್ಚಿಟ್ಟು, ಸೋಮವಾರ ಬೆಳಿಗ್ಗೆ ನೋಡು.