ಮನೆಯಲ್ಲೇ ಮಾಡಿದ ಕೇಬಲ್, ಸುಟ್ಟ ಸಬ್‌ವೂಫರ್

ಆಡಿಯೋ ಕೇಬಲ್ ನಾನೇ ಮಾಡಿಕೊಳ್ತೀನಿ ಅಂತ ಹೊರಟವರು ದಯವಿಟ್ಟು ಇದನ್ನು ಓದಿ. ಮೊನ್ನೆ ನನ್ನ ಸಬ್‌ವೂಫರ್ (ದಪ್ಪ ಸದ್ದಿಗೆಂದೇ ಇರುವ ಸ್ಪೀಕರ್) ಸುಟ್ಟಿತು. ತಪ್ಪು ಪೂರ್ತಿ ನನ್ನದೇ.

ಆಂಪ್ಲಿಫೈಯರ್‌ನಿಂದ ಸೋಫಾ ಹಿಂದಿನ ಸಬ್‌ವೂಫರ್‌ಗೆ 5 ಮೀಟರ್ ಕೇಬಲ್ ಬೇಕಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಶೀಲ್ಡ್ (ಒಳಗಿನ ತಂತಿಯ ಸುತ್ತ ಇರುವ ಲೋಹದ ಎಳೆಗಳ ಹೊದಿಕೆ) ಇರುವ ವೈರು, ಎರಡು ಆರ್‌ಸಿಎ ಪಿನ್ನು (ನಡುವೆ ಕಡ್ಡಿ, ಸುತ್ತ ಅರ್ತ್‌ನ ಬಳೆ ಇರುವ ಆಡಿಯೋ ಪ್ಲಗ್) ತಂದೆ. ಮನೆಯಲ್ಲಿ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ (ಬೆಸುಗೆ ಹಾಕುವ ಬಿಸಿ ಕಡ್ಡಿ) ಇತ್ತು. ನಡುವಿನ ಸಣ್ಣ ಪಿನ್ ಸಲೀಸಾಗಿ ಕೂತಿತು. ತೊಂದರೆ ಆಗಿದ್ದು ಅರ್ತ್ ಕಡೆಗೆ. ಶೀಲ್ಡ್ ಕೂಡಿಸುವ ಆ ಪಟ್ಟಿ ದಪ್ಪ, ಬೇಗ ಬಿಸಿ ಆಗುವುದಿಲ್ಲ. ಹೆಚ್ಚು ಹೊತ್ತು ಒತ್ತಿ ಹಿಡಿದರೆ ವೈರಿನ ಒಳಗಿನ ಪ್ಲಾಸ್ಟಿಕ್ ಕರಗಿ ಶಾರ್ಟ್ ಆದೀತು ಅಂತ ಹೆದರಿಕೆ. ಹಾಗಾಗಿ ಲೆಡ್ (ಬೆಸುಗೆಯ ಲೋಹ) ಕರಗಿದ ತಕ್ಷಣ ಐರನ್ ಎತ್ತಿಬಿಟ್ಟೆ. ಲೆಡ್ ಮಸುಕು ಬೂದಿ ಬಣ್ಣಕ್ಕೆ ತಿರುಗಿ, ಪಟ್ಟಿಯ ಮೇಲೆ ಸುಮ್ನೆ ಗುಂಡಗೆ ಕೂತಿತ್ತು. ಅದು ಹಿಡಿದೇ ಇರಲಿಲ್ಲ. ಪಿನ್ನಿನ ಬಾಲವನ್ನು ವೈರಿನ ಸುತ್ತ ಮಡಚಿ ಬಿಗಿಯಬೇಕಲ್ವಾ, ಅದನ್ನೂ ಮಾಡಲಿಲ್ಲ. ಮಲ್ಟಿಮೀಟರ್ ಇಟ್ಟೆ, ಬೀಪ್ ಬಂತು, ಅಂದರೆ ತಂತಿ ಎಲ್ಲೂ ತುಂಡಾಗಿಲ್ಲ ಅಂತ. ಮುಗಿಯಿತು ಅಂದುಕೊಂಡೆ.

ಮೇಜಿನ ಮೇಲೆ ಅಲ್ಲಾಡದೆ ಮಲಗಿದ್ದ ಕೇಬಲ್ ಬೀಪ್ ಅನ್ನದೆ ಇನ್ನೇನು ಅನ್ನುತ್ತೆ!

ಎರಡು ವಾರ ಚೆನ್ನಾಗಿಯೇ ನಡೆಯಿತು. ಒಂದು ಭಾನುವಾರ ಕಸ ಗುಡಿಸಲು ಸೋಫಾ ಎಳೆದೆ, ಮತ್ತೆ ತಳ್ಳಿ ಸ್ನಾನಕ್ಕೆ ಹೋದೆ. ಸಿಸ್ಟಮ್ ಆನ್ ಇತ್ತು. ಬಚ್ಚಲಲ್ಲಿದ್ದಾಗ ಗುರ್ರ್ ಅಂತ ಶಬ್ದ. ಕೆಳಗಿನ ಓನರ್ ಸಂಪಿನ ಮೋಟರ್ ಹಾಕಿದ್ದಾರೆ ಅಂದುಕೊಂಡು ತಲೆ ಕೆಡಿಸಿಕೊಳ್ಳಲಿಲ್ಲ. ಹೊರಗೆ ಬಂದರೆ ಹಾಲ್ ತುಂಬ ಸುಟ್ಟ ವಾಸನೆ. ಅರ್ತ್ ಬಿಟ್ಟುಕೊಂಡಿತ್ತು. ಅರ್ತ್ ಇಲ್ಲದ ಕೇಬಲ್ ಮನೆಯ ಕರೆಂಟಿನ 50 ಹರ್ಟ್ಸ್ ಹಮ್ (ಗುಂಯ್‌ಗುಡುವ ಸದ್ದು) ಅನ್ನು ಹಿಡಿದು ಒಳಗೆ ಕಳಿಸುತ್ತದೆ. ಸಬ್‌ವೂಫರ್ ಇರುವುದೇ ಅಂಥ ದಪ್ಪ ಸದ್ದಿಗೆ. ಅದು ಪೂರ್ತಿ ಜೋರಿನಲ್ಲಿ ಬಾರಿಸುತ್ತಾ ಹೋಯಿತು, ವಾಯ್ಸ್ ಕಾಯಿಲ್ (ಸ್ಪೀಕರಿನೊಳಗಿನ ತಂತಿ ಸುರುಳಿ) ಸುಟ್ಟಿತು. ರಿಪೇರಿಗೆ 2,800 ರೂಪಾಯಿ. ಕೇಬಲ್ ಸಾಮಾನಿಗೆ ಕೊಟ್ಟಿದ್ದು 340.

ಈಗ ನಾನು ಮೊದಲು ಪಟ್ಟಿಗೂ ಶೀಲ್ಡ್ ಎಳೆಗಳಿಗೂ ಬೇರೆ ಬೇರೆಯಾಗಿ ಲೆಡ್ ಹಚ್ಚಿಕೊಳ್ಳುತ್ತೇನೆ. ಆಮೇಲೆ ಎರಡನ್ನೂ ಜೋಡಿಸಿ ಒಮ್ಮೆ ಬಿಸಿ ಮುಟ್ಟಿಸಿದರೆ ಸಾಕು, ಒಳಗಿನ ಪ್ಲಾಸ್ಟಿಕ್ಕೂ ಉಳಿಯುತ್ತದೆ. ಬೆಸುಗೆ ಪಟ್ಟಿಯ ಮೇಲೆ ನೀರಿನಂತೆ ಹರಡಿರಬೇಕು. ಬಾಲವನ್ನು ಬಿಗಿಯುತ್ತೇನೆ. ಮೀಟರ್ ಬೀಪ್ ಅನ್ನುತ್ತಿರುವಾಗಲೇ ಕೇಬಲ್ಲನ್ನು ಎಳೆದು, ತಿರುಚಿ, ಅಲ್ಲಾಡಿಸುತ್ತೇನೆ. ಒಂದು ಸಲ ಬೀಪ್ ತುಂಡಾದರೂ ಬಿಚ್ಚಿ ಮತ್ತೆ ಬೆಸೆಯುವುದೇ.

ಇನ್ನೊಂದು ಮಾತು. ಒಳ್ಳೆಯ ಕೇಬಲ್ ಆದರೂ ಸಿಸ್ಟಮ್ ಆಫ್ ಮಾಡದೆ ಚುಚ್ಚಬೇಡಿ. ಆರ್‌ಸಿಎ ಪಿನ್ನಿನಲ್ಲಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಅರ್ತ್ ಆಮೇಲೆ. ಆ ಅರೆಕ್ಷಣದ ಗುಂಯ್ ಸದ್ದೂ ಅದೇ ಹಮ್.

ಆ ಹಳೇ ಕೇಬಲ್ ಇನ್ನೂ ಇಟ್ಟುಕೊಂಡಿದ್ದೇನೆ. ಮೇಜಿನ ಮೇಲಿಟ್ಟು ಮೀಟರ್ ಮುಟ್ಟಿಸಿದರೆ ಈಗಲೂ ಬೀಪ್ ಅನ್ನುತ್ತದೆ.