ವಿಎಂ ಜೊತೆ ಮಾತಾಡಲು ಹೋಗಿ ಊರಿಗೆಲ್ಲ ಬಾಗಿಲು ತೆರೆದೆ

ವಿಎಂನ (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಬ್ರಿಜ್ಡ್ ಅಂತ ಆರಿಸಿ ಓಕೆ ಒತ್ತುವ ಮುಂಚೆ ಇದನ್ನೊಮ್ಮೆ ಓದಿ. ನಾನು ಒತ್ತಿದೆ. ಮೂರು ವಾರ ಆರಾಮಾಗಿದ್ದೆ. ಆಮೇಲೆ ಎರಡು ದಿನ ನಿದ್ದೆಗೆಟ್ಟು ಕೂತೆ. ತಪ್ಪು ಪೂರಾ ನನ್ನದೇ. ಯಾವ ಸಾಫ್ಟ್‌ವೇರೂ ಕೆಟ್ಟಿರಲಿಲ್ಲ, ನಾನು ಹೇಳಿದ್ದನ್ನೇ ಅವು ಮಾಡಿದವು.

ನನಗೆ ಬೇಕಾಗಿದ್ದು ಬಹಳ ಸಣ್ಣದು. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದೆ. ಅದರ ಮೇಲೆ ವಿಎಂ ಓಡಿಸುವ ವರ್ಚುವಲ್‌ಬಾಕ್ಸ್, ಅದರಲ್ಲಿ ಉಬುಂಟು ಸರ್ವರ್ ಅನ್ನುವ ಲಿನಕ್ಸ್‌ನ ಒಂದು ವಿಎಂ, ವಿಎಂ ಒಳಗೆ ರೆಡಿಸ್ ಅನ್ನುವ ಡೇಟಾಬೇಸ್. ವಿಂಡೋಸ್‌ನಲ್ಲಿ ಓಡುವ ನನ್ನ ಪ್ರೋಗ್ರಾಂ ಒಳಗಿನ ರೆಡಿಸ್ ಜೊತೆ ಮಾತಾಡಬೇಕು, ಅಷ್ಟೇ. ಒಂದೇ ಮನೆಯ ಎರಡು ಕೋಣೆಗಳ ನಡುವಿನ ಮಾತು. ಇದಕ್ಕೆ ಬೀದಿ ಬಾಗಿಲು ತೆಗೆಯುವ ಅಗತ್ಯವೇ ಇರಲಿಲ್ಲ, ಅಲ್ವಾ? ನಾನು ಅದನ್ನೇ ತೆಗೆದೆ.

ಶುರುವಾಗಿದ್ದು ಪಿಂಗ್‌ನಿಂದ, ಅಂದರೆ ಇನ್ನೊಂದು ಯಂತ್ರ ಇದೆಯಾ ಅಂತ ಕೂಗಿ ನೋಡುವುದರಿಂದ. ಹೊಸ ವಿಎಂಗೆ ವರ್ಚುವಲ್‌ಬಾಕ್ಸ್ ತಾನಾಗಿ ಕೊಡುವುದು ನ್ಯಾಟ್ ಅನ್ನುವ ಬಗೆಯ ನೆಟ್‌ವರ್ಕ್. ಒಳಗೆ ಹೋಗಿ ನೋಡಿದರೆ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, 10.0.2.15. ವಿಂಡೋಸ್‌ನಿಂದ ಅದಕ್ಕೆ ಪಿಂಗ್ ಮಾಡಿದೆ, ಉತ್ತರವಿಲ್ಲ. ವಿಎಂ ಒಳಗೆ ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ. ಅದು ಓಡುತ್ತಿರುವ ಲ್ಯಾಪ್‌ಟಾಪ್‌ಗೇ ಅದು ಸಿಗುತ್ತಿಲ್ಲ. ನ್ಯಾಟ್ ಇರುವುದೇ ಹಾಗೆ ಅಂತ ಈಗ ಗೊತ್ತು. ವಿಎಂ ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ. ಅದರ ಲೆಕ್ಕದಲ್ಲಿ ಹೋಸ್ಟ್ (ವಿಎಂ ಓಡಿಸುವ ಲ್ಯಾಪ್‌ಟಾಪ್) ಕೂಡ ಹೊರಗಿನವನೇ. ಹತ್ತು ವಿಎಂ ಮಾಡಿ ಹತ್ತಕ್ಕೂ ನ್ಯಾಟ್ ಕೊಟ್ಟರೂ ಹತ್ತರಲ್ಲೂ ಅದೇ 10.0.2.15 ಕಾಣುತ್ತದೆ. ಪ್ರತಿಯೊಂದೂ ತನ್ನದೇ ಪುಟ್ಟ ನೆಟ್‌ವರ್ಕ್‌ನಲ್ಲಿ ಒಂಟಿಯಾಗಿ ಕೂತಿರುತ್ತದೆ. ಆ ವಿಳಾಸಕ್ಕೆ ಹೊರಗಡೆ ಅರ್ಥವೇ ಇಲ್ಲ.

ಅವತ್ತು ಇದೆಲ್ಲ ಎಲ್ಲಿ ಗೊತ್ತಿತ್ತು? ಹೊರಗಿನ ಸಂಪರ್ಕಗಳನ್ನು ಕಾಯುವ ಫೈರ್‌ವಾಲ್ ತಡೆಯುತ್ತಿರಬೇಕು ಅನ್ನಿಸಿತು. ಐದು ನಿಮಿಷಕ್ಕೆ ಅಂತ ವಿಂಡೋಸ್ ಫೈರ್‌ವಾಲ್ ಆಫ್ ಮಾಡಿದೆ. ಏನೂ ಬದಲಾಗಲಿಲ್ಲ. ಮುಂದಕ್ಕೆ ಹೋದೆ.

ಮುಂದಿನದು ಪೋರ್ಟ್ ಫಾರ್ವರ್ಡಿಂಗ್, ಅಂದರೆ ಲ್ಯಾಪ್‌ಟಾಪ್‌ನ ಒಂದು ಪೋರ್ಟ್‌ಗೆ (ಅಂಕಿ ಹಾಕಿದ ಬಾಗಿಲಿಗೆ) ಬಂದದ್ದನ್ನು ವಿಎಂನ ಪೋರ್ಟ್‌ಗೆ ದಾಟಿಸುವುದು. ನಿಜ ಹೇಳಬೇಕೆಂದರೆ ಇಲ್ಲಿ ನಾನು ಸರಿಯಾದ ದಾರಿಯಲ್ಲೇ ಇದ್ದೆ. ಹೋಸ್ಟ್ ಪೋರ್ಟ್ 6379, ಗೆಸ್ಟ್ (ಅಂದರೆ ವಿಎಂ) ಪೋರ್ಟ್ 6379 ಅಂತ ತುಂಬಿದೆ, ರೆಡಿಸ್ ಬಳಸುವ ಪೋರ್ಟ್ ಅದು. ಹೋಸ್ಟ್ ಐಪಿ ಅನ್ನುವ ಡಬ್ಬಿಯನ್ನು ಖಾಲಿ ಬಿಟ್ಟೆ. ಆ ಖಾಲಿ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಪ್ರೋಗ್ರಾಂ ಓಡಿಸಿದೆ. ಸಂಪರ್ಕ ಸಿಕ್ಕಿತು, ಸಿಕ್ಕ ಕೂಡಲೇ ಕಡಿದುಹೋಯಿತು. ಮತ್ತೆ ಸಿಕ್ಕಿತು, ಮತ್ತೆ ಕಡಿಯಿತು. ಇದು ಜನರನ್ನು ಬಹಳ ದಾರಿ ತಪ್ಪಿಸುವ ಜಾಗ. ಹೊರಗಡೆ ಬಾಗಿಲು ತೆಗೆಯುವುದು ವರ್ಚುವಲ್‌ಬಾಕ್ಸ್. ಒಳಗೆ ಯಾರೂ ಇಲ್ಲದಿದ್ದರೂ ಅದು ಮೊದಲು ಬಾಗಿಲು ತೆಗೆಯುತ್ತದೆ, ಆಮೇಲೆ ಮುಚ್ಚುತ್ತದೆ. ಫಾರ್ವರ್ಡಿಂಗ್ ಕೆಲಸ ಮಾಡುತ್ತಲೇ ಇತ್ತು. ಒಳಗಿನ ರೆಡಿಸ್ ಮಾತ್ರ 127.0.0.1ರಲ್ಲಿ ಕೂತಿತ್ತು, ಅಂದರೆ ವಿಎಂ ಒಳಗಿನವರ ಮಾತನ್ನಷ್ಟೇ ಕೇಳುತ್ತಿತ್ತು. ಮೊದಲಿನಿಂದಲೂ ಇದ್ದ ತೊಂದರೆ ಅದೊಂದೇ.

ನಾನು ಫಾರ್ವರ್ಡಿಂಗ್ ಕೆಟ್ಟಿದೆ ಅಂದುಕೊಂಡೆ. ಬ್ರಿಜ್ಡ್‌ಗೆ ಬದಲಾಯಿಸಿದೆ. ಪಿಂಗ್ ಹೋಯಿತು! ಆ ಖುಷಿಯೇ ನನ್ನನ್ನು ಕೆಡಿಸಿದ್ದು. ಪಿಂಗ್ ಹೋದರೆ ಯಂತ್ರ ಅಲ್ಲಿದೆ ಅಂತ ಅಷ್ಟೇ ಅರ್ಥ, ಪೋರ್ಟ್ ತೆರೆದಿದೆ ಅಂತಲ್ಲ. ತಿರುಗಿ ಹೇಳಿದರೂ ಅಷ್ಟೇ. ವಿಂಡೋಸ್ ಫೈರ್‌ವಾಲ್ ಹೊರಗಿನ ಪಿಂಗ್‌ಗೆ ಸಾಮಾನ್ಯವಾಗಿ ಉತ್ತರ ಕೊಡಲು ಬಿಡುವುದಿಲ್ಲ. ವಿಎಂನಿಂದ ವಿಂಡೋಸ್‌ಗೆ ಪಿಂಗ್ ಹೋಗಲಿಲ್ಲ ಅಂತ ನೆಟ್‌ವರ್ಕ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಪಿಂಗ್ ಹೋದರೂ ರೆಡಿಸ್ ಸಿಗಲಿಲ್ಲ. ಆಗ ಅದರ ಸೆಟ್ಟಿಂಗ್ ಫೈಲ್ ತೆರೆದು ಯಾವ ವಿಳಾಸದಲ್ಲಿ ಕೇಳಬೇಕು ಅಂತ ಹೇಳುವ ಬೈಂಡ್ ಅನ್ನುವ ಸಾಲಿನ ಮುಂದೆ ಒಂದು ಹ್ಯಾಶ್ (#) ಹಾಕಿ ಅದನ್ನು ಲೆಕ್ಕಕ್ಕಿಲ್ಲದಂತೆ ಮಾಡಿದೆ. ಆ ಸಾಲು ಹೋದರೆ ರೆಡಿಸ್ ಎಲ್ಲ ವಿಳಾಸಗಳಲ್ಲೂ ಕಿವಿ ತೆರೆದು ಕೂರುತ್ತದೆ. ಆದರೂ ಅದು ನನ್ನನ್ನು ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಇಲ್ಲ, ಹಾಗಾಗಿ ಪ್ರೊಟೆಕ್ಟೆಡ್ ಮೋಡ್‌ನಲ್ಲಿದ್ದೇನೆ, ಹೊರಗಿನವರಿಗೆ ಪ್ರವೇಶವಿಲ್ಲ ಅಂತ ಉದ್ದನೆಯ ಸಂದೇಶ ಕೊಟ್ಟಿತು. ಈ ಕಾವಲು ಬಂದಿದ್ದು 2016ರ 3.2ನೇ ಆವೃತ್ತಿಯಲ್ಲಿ. ನನ್ನಂಥವರಿಗಾಗಿಯೇ ಬಂದದ್ದು. ಪಾಸ್‌ವರ್ಡ್ ಇಡಿ ಅಂತ ಆ ಸಂದೇಶದಲ್ಲೇ ಬರೆದಿದೆ. ಕಾವಲು ತೆಗೆಯುವುದು ಹೇಗೆ ಅಂತಲೂ ಬರೆದಿದೆ. ನಾನು ಯಾವುದನ್ನು ಆರಿಸಿದೆ ಅಂತ ಹೇಳಬೇಕಾಗಿಲ್ಲ.

ಓಡಿತು. ರಾತ್ರಿ ಒಂದೂವರೆ ಆಗಿತ್ತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ದಾರಿಯಲ್ಲಿ ಏನೇನು ಬಿಚ್ಚಿದ್ದೆನೋ ಅದನ್ನು ಮತ್ತೆ ಕಟ್ಟಲಿಲ್ಲ.

ಬ್ರಿಜ್ಡ್ ಅಂದರೆ ವಿಎಂಗೆ ರೂಟರ್‌ನಿಂದ ಅದರದ್ದೇ ಐಪಿ ಸಿಗುತ್ತದೆ. ನೆಟ್‌ವರ್ಕ್‌ನಲ್ಲಿರುವ ಬೇರೆಯವರ ಕಣ್ಣಿಗೆ ಅದು ಇನ್ನೊಂದು ಕಂಪ್ಯೂಟರ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಷ್ಟೇ ಒಳ್ಳೆಯ ಫೈರ್‌ವಾಲ್ ಇದ್ದರೂ ವಿಎಂ ಅದರ ಹಿಂದೆ ನಿಂತಿರುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತದೆ. ಮನೆಯಲ್ಲಿ ಒಬ್ಬನೇ ಇದ್ದಾಗ ಇದರಿಂದ ದೊಡ್ಡ ತೊಂದರೆ ಆಗದಿರಬಹುದು. ನಾನು ವಾರಕ್ಕೆ ಮೂರು ದಿನ ಹತ್ತಾರು ಜನ ಒಂದೇ ವೈಫೈ ಬಳಸುವ ಕಡೆ ಕೂತು ಕೆಲಸ ಮಾಡುತ್ತಿದ್ದೆ. ವಿಎಂ ಅಲ್ಲಿಗೂ ನನ್ನ ಜೊತೆ ಬರುತ್ತಿತ್ತು. ಪಾಸ್‌ವರ್ಡ್ ಇಲ್ಲದ ರೆಡಿಸ್ ಹೊತ್ತುಕೊಂಡು.

ಮೊದಲು ಸುಳಿವು ಕೊಟ್ಟಿದ್ದು ಫ್ಯಾನ್. ಏನೂ ಮಾಡದೆ ಕೂತಿದ್ದರೂ ಭರ್ರ್ ಅಂತ ತಿರುಗುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ವಿಎಂ ತನಗೆ ಕೊಟ್ಟ ಪ್ರೊಸೆಸರ್ ಕೋರ್‌ಗಳನ್ನೆಲ್ಲ ತಿನ್ನುತ್ತಿದೆ. ಒಳಗೆ ಹೋಗಿ ನೋಡಿದಾಗ ಕೆಡೆವ್‌ಟಿಎಂಪಿಎಫ್‌ಎಸ್‌ಐ (kdevtmpfsi) ಅಂತ ಒಂದು ಪ್ರೋಸೆಸ್ ಮೇಲೆ ಕೂತಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನದೇ ಒಂದು ಕೆಲಸಗಾರನಿಗೆ ಇದೇ ಹೆಸರಿದೆ, ಕೊನೆಯ ಐ ಒಂದನ್ನು ಬಿಟ್ಟು. ಆ ಒಂದಕ್ಷರ ಸೇರಿಸಿಕೊಂಡು ವೇಷ ಹಾಕಿದ ಕಳ್ಳ ಇದು. ನಿಮ್ಮ ಪ್ರೊಸೆಸರ್ ಬಳಸಿ ಬೇರೆ ಯಾರಿಗೋ ಮೊನೆರೋ ಅನ್ನುವ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುತ್ತದೆ. ಕೊಂದೆ. ಒಂದು ನಿಮಿಷದಲ್ಲಿ ಎದ್ದು ಬಂತು. ಜೊತೆಗೆ ಕಿನ್ಸಿಂಗ್ ಅನ್ನುವ ಇನ್ನೊಂದಿತ್ತು. ಕ್ರಾನ್‌ಟ್ಯಾಬ್ (ಹೊತ್ತು ಹೊತ್ತಿಗೆ ತಾನಾಗಿ ಓಡಬೇಕಾದ ಕೆಲಸಗಳ ಪಟ್ಟಿ) ತೆರೆದರೆ ನಾನು ಬರೆಯದ ಒಂದು ಸಾಲು. ಎಲ್ಲಿಂದಲೋ ಸ್ಕ್ರಿಪ್ಟ್ ಇಳಿಸಿ ಪದೇ ಪದೇ ಓಡಿಸುತ್ತಿತ್ತು.

ಒಳಗೆ ಬಂದಿದ್ದು ಹೇಗೆ? ರೆಡಿಸ್ ತನ್ನ ಡೇಟಾವನ್ನು ಫೈಲ್‌ಗೆ ಬರೆದು ಉಳಿಸುತ್ತದೆ. ಯಾವ ಫೋಲ್ಡರ್, ಯಾವ ಹೆಸರು ಅನ್ನುವುದನ್ನು ಹಳೆಯ ಆವೃತ್ತಿಗಳಲ್ಲಿ ಸಂಪರ್ಕ ಸಿಕ್ಕವರು ಯಾರು ಬೇಕಾದರೂ ಬದಲಾಯಿಸಬಹುದಿತ್ತು. 7ನೇ ಆವೃತ್ತಿಯಿಂದ ಅದಕ್ಕೆ ಬೀಗ ಬಿದ್ದಿದೆ. ನಮ್ಮ ಪ್ರಾಜೆಕ್ಟ್‌ಗೆ ಹಳೆಯದೇ ಬೇಕಿತ್ತು ಅಂತ ನಾನು 5 ಹಾಕಿದ್ದೆ. ಅದನ್ನೂ ಪ್ಯಾಕೇಜ್‌ನಿಂದ ಹಾಕಿರಲಿಲ್ಲ, ಸೋರ್ಸ್‌ನಿಂದ ಬಿಲ್ಡ್ ಮಾಡಿ ಸುಡೋ ಕೊಟ್ಟು, ಅಂದರೆ ಎಲ್ಲ ಅಧಿಕಾರವಿರುವ ರೂಟ್ ಹೆಸರಿನಲ್ಲಿ, ಓಡಿಸುತ್ತಿದ್ದೆ. ರೂಟ್ ಆಗಿ ಓಡುವ ರೆಡಿಸ್ ಎಲ್ಲಿ ಬೇಕಾದರೂ ಬರೆಯಬಹುದು. ಬಂದವರು ತಮ್ಮ ಎಸ್‌ಎಸ್‌ಎಚ್ ಕೀಯನ್ನು (ಪಾಸ್‌ವರ್ಡ್ ಬದಲು ದೂರದಿಂದ ಲಾಗಿನ್ ಆಗಲು ಬಳಸುವ ಕೀ) ರೂಟ್‌ನ ಕೀಗಳ ಫೈಲಿಗೇ ಬರೆಸಿದ್ದರು. ಲಾಗ್‌ನಲ್ಲಿ ಸ್ಪಷ್ಟವಾಗಿತ್ತು: ರೂಟ್ ಲಾಗಿನ್, ಕೀ ಬಳಸಿ, ಅದೇ ವೈಫೈನ ಒಂದು ವಿಳಾಸದಿಂದ. ಪಕ್ಕದಲ್ಲಿ ಕೂತವರು ಯಾರೋ ಕಳ್ಳರು ಅಂತಲ್ಲ. ಅವರ ಯಂತ್ರಕ್ಕೆ ಮೊದಲೇ ಇದು ಅಂಟಿತ್ತು, ಅದು ಸುಮ್ನೆ ಅಕ್ಕಪಕ್ಕದ ಬಾಗಿಲು ತಟ್ಟುತ್ತಾ ಬಂತು. ನನ್ನದು ತೆರೆದಿತ್ತು.

ಇಲ್ಲಿಯವರೆಗೆ ನಾನು ಗಾಬರಿಯಾಗಿರಲಿಲ್ಲ. ವಿಎಂ ತಾನೇ, ಅಳಿಸಿದರಾಯಿತು ಅಂದುಕೊಂಡಿದ್ದೆ. ಆಮೇಲೆ ಶೇರ್ಡ್ ಫೋಲ್ಡರ್ ನೆನಪಾಯಿತು. ಎದೆ ಧಸಕ್ಕೆಂದಿತು. ಫೈಲ್‌ಗಳನ್ನು ಸುಲಭವಾಗಿ ದಾಟಿಸಲಿ ಅಂತ ವಿಂಡೋಸ್‌ನ ನನ್ನ ಇಡೀ ಯೂಸರ್ ಫೋಲ್ಡರನ್ನು ವಿಎಂಗೆ ಹಂಚಿದ್ದೆ. ಓದಲು ಮಾತ್ರ ಅಂತಲೂ ಇಟ್ಟಿರಲಿಲ್ಲ. ಅದರಲ್ಲಿ ನನ್ನ ಎಸ್‌ಎಸ್‌ಎಚ್ ಕೀಗಳಿವೆ, ಕೆಲಸದ ಸರ್ವರ್‌ಗಳ ಪಾಸ್‌ವರ್ಡ್ ಬರೆದ ಫೈಲ್ ಇದೆ, ಬ್ರೌಸರ್ ಪ್ರೊಫೈಲ್ ಇದೆ. ವಿಎಂನ ರೂಟ್ ಸಿಕ್ಕವರಿಗೆ ಇದೆಲ್ಲ ಕೈಗೆಟುಕುವಷ್ಟು ಹತ್ತಿರ. ತೆಗೆದುಕೊಂಡರೋ ಇಲ್ಲವೋ ಯಾರಿಗೆ ಗೊತ್ತು? ತೆಗೆದುಕೊಂಡಿದ್ದಾರೆ ಅಂತಲೇ ಲೆಕ್ಕ ಹಾಕಿ ಎಲ್ಲ ಕೀ, ಎಲ್ಲ ಟೋಕನ್, ಎಲ್ಲ ಪಾಸ್‌ವರ್ಡ್ ಬದಲಾಯಿಸಿದೆ. ಜೊತೆಗೆ ಕೆಲಸ ಮಾಡುವವರಿಗೆ ಫೋನ್ ಮಾಡಿ ನಿಮ್ಮ ಸರ್ವರ್‌ನಿಂದ ನನ್ನ ಕೀ ತೆಗೆಯಿರಿ ಅಂತ ಹೇಳಬೇಕಾಯಿತು. ಎರಡು ದಿನದಲ್ಲಿ ಅತ್ಯಂತ ಕಷ್ಟದ ಕೆಲಸ ಅದೇ.

ನಿಮಗೂ ಹೀಗಾದರೆ ಮೊದಲು ಮಾಡಬೇಕಾದ್ದು ವಿಎಂನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಕೇಬಲ್ ಕನೆಕ್ಟೆಡ್ ಅನ್ನುವ ಟಿಕ್ ತೆಗೆಯುವುದು. ವಿಎಂ ಓಡುತ್ತಿರುವಾಗಲೇ ತೆಗೆಯಬಹುದು, ನಿಜವಾದ ತಂತಿ ಕಿತ್ತಂತೆಯೇ. ಶೇರ್ಡ್ ಫೋಲ್ಡರನ್ನೂ ಆಗಲೇ ತೆಗೆಯಿರಿ. ಆಮೇಲೆ ನಿಧಾನವಾಗಿ ಲಾಗ್ ನೋಡಿ. ಸ್ವಚ್ಛ ಮಾಡುವ ಹಟಕ್ಕೆ ಬೀಳಬೇಡಿ, ವಿಎಂ ಅಳಿಸಿ ಹೊಸದು ಮಾಡಿ.

ಈಗ ಹೇಗಿಟ್ಟಿದ್ದೇನೆ ಅಂತ ಹೇಳುತ್ತೇನೆ. ವಿಎಂಗೆ ಎರಡು ನೆಟ್‌ವರ್ಕ್ ಕಾರ್ಡ್. ಮೊದಲನೆಯದು ನ್ಯಾಟ್, ಇಂಟರ್ನೆಟ್‌ಗೆ. ಎರಡನೆಯದು ಹೋಸ್ಟ್ ಓನ್ಲಿ, ನನ್ನ ಜೊತೆ ಮಾತಿಗೆ. ಹೋಸ್ಟ್ ಓನ್ಲಿಯಲ್ಲಿ ವಿಂಡೋಸ್‌ಗೆ ಸಾಮಾನ್ಯವಾಗಿ 192.168.56.1 ಸಿಗುತ್ತದೆ, ವಿಎಂಗಳಿಗೆ 101ರಿಂದ ಮುಂದಿನವು. ಆ ನೆಟ್‌ವರ್ಕ್ ಲ್ಯಾಪ್‌ಟಾಪ್ ಒಳಗೇ ಇರುತ್ತದೆ, ವೈಫೈಗೆ ಇಳಿಯುವುದಿಲ್ಲ. ವಿಎಂಗೆ ನಾನೇ 192.168.56.10 ಅಂತ ಕಟ್ಟಿಟ್ಟಿದ್ದೇನೆ, ಹಂಚುವ ವಿಳಾಸಗಳ ಸಾಲಿನಿಂದ ಹೊರಗೆ. ರೆಡಿಸ್‌ಗೆ ಬೈಂಡ್ ಸಾಲಿನಲ್ಲಿ 127.0.0.1 ಮತ್ತು ಈ ವಿಳಾಸ, ಎರಡೇ. ಜೊತೆಗೆ ಪಾಸ್‌ವರ್ಡ್.

ಇದರಲ್ಲೂ ಎರಡು ಕಡೆ ಎಡವಿದೆ. ಆಮೇಲೆ ಸೇರಿಸಿದ ಎರಡನೇ ಕಾರ್ಡ್ ಉಬುಂಟು ಸರ್ವರ್‌ನಲ್ಲಿ ತಾನಾಗಿ ಏಳಲಿಲ್ಲ, ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲ್‌ನಲ್ಲಿ ಅದರ ಹೆಸರು ಬರೆಯಬೇಕಾಯಿತು. ಬರೆಯುವಾಗ ಅಭ್ಯಾಸಬಲದಿಂದ ಗೇಟ್‌ವೇ (ಹೊರಜಗತ್ತಿಗೆ ಹೋಗುವ ದಾರಿಯ ವಿಳಾಸ) ಕೂಡ ಕೊಟ್ಟೆ, ವಿಎಂನ ಇಂಟರ್ನೆಟ್ ನಿಂತುಹೋಯಿತು. ಹೋಸ್ಟ್ ಓನ್ಲಿ ಕಾರ್ಡಿಗೆ ಗೇಟ್‌ವೇ ಕೊಡಬಾರದು. ಆ ದಾರಿ ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ವಿಷಯ: ಈ ವಿಎಂನ ಕ್ಲೋನ್ ಮಾಡಿ ಎರಡಕ್ಕೂ ವಿಳಾಸ ತಾನಾಗಿ ಬರಲಿ ಅಂತ ಬಿಟ್ಟಾಗ ಎರಡಕ್ಕೂ ಒಂದೇ ಐಪಿ ಬಂತು. ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬೇರೆ ಮಾಡಿದ್ದರೂ ಹಾಗೇ. ಉಬುಂಟು ಸರ್ವರ್ ಐಪಿ ಕೇಳುವಾಗ ಹೇಳುವ ಗುರುತು ಮೆಷಿನ್ ಐಡಿಯಿಂದ ಹುಟ್ಟುತ್ತದೆ, ಕ್ಲೋನ್‌ನಲ್ಲಿ ಅದೂ ನಕಲಾಗಿರುತ್ತದೆ. ಅದನ್ನು ಹೊಸದಾಗಿ ಮಾಡಿದ ಮೇಲೆ ಸರಿಹೋಯಿತು.

ಎರಡು ಕಾರ್ಡಿನ ಗೋಜು ಬೇಡ ಅನ್ನುವವರಿಗೆ ನ್ಯಾಟ್ ಮತ್ತು ಪೋರ್ಟ್ ಫಾರ್ವರ್ಡಿಂಗ್ ಸಾಕು. ಆದರೆ ಆ ಖಾಲಿ ಡಬ್ಬಿ! ಹೋಸ್ಟ್ ಐಪಿ ಖಾಲಿ ಬಿಟ್ಟರೆ ಲ್ಯಾಪ್‌ಟಾಪ್‌ನ ಎಲ್ಲ ವಿಳಾಸಗಳಲ್ಲೂ ಆ ಪೋರ್ಟ್ ತೆರೆದುಕೊಳ್ಳುತ್ತದೆ, ವೈಫೈ ವಿಳಾಸದಲ್ಲೂ. ಅಲ್ಲಿ 127.0.0.1 ಅಂತ ತುಂಬಿ. ನ್ಯಾಟ್‌ನಲ್ಲಿದ್ದೇನೆ, ಹಾಗಾಗಿ ಕ್ಷೇಮ ಅಂದುಕೊಂಡವರು ಬಹಳ ಜನ ಇಲ್ಲೇ ಜಾರುವುದು.

ವರ್ಚುವಲ್‌ಬಾಕ್ಸ್‌ನಂಥದ್ದೇ ಆದ ವಿಎಂವೇರ್‌ನಲ್ಲಿ ಇದೇ ಮೂರು ಬೇರೆ ಹೆಸರಿನಲ್ಲಿವೆ: ವಿಎಂನೆಟ್ 0 ಬ್ರಿಜ್ಡ್, 1 ಹೋಸ್ಟ್ ಓನ್ಲಿ, 8 ನ್ಯಾಟ್. ಲಿನಕ್ಸ್‌ನಲ್ಲಿ ವಿಎಂ ನಡೆಸುವ ಲಿಬ್‌ವರ್ಟ್‌ನಲ್ಲಿ ಮೊದಲಿಗೇ ಸಿಗುವ ನ್ಯಾಟ್ ನೆಟ್‌ವರ್ಕ್ 192.168.122ರದ್ದು, ಅದರಲ್ಲಿ ಹೋಸ್ಟ್‌ನಿಂದ ವಿಎಂಗೆ ನೇರವಾಗಿಯೇ ಹೋಗಬಹುದು. ಅಲ್ಲಿ ಮ್ಯಾಕ್‌ವಿಟ್ಯಾಪ್ ಅನ್ನುವ ಇನ್ನೊಂದು ಬಗೆಯ ಸಂಪರ್ಕ ಆರಿಸಿಕೊಂಡು ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ವಿಎಂ ಊರಿಗೆಲ್ಲ ಸಿಗುತ್ತದೆ, ತನ್ನ ಹೋಸ್ಟ್‌ಗೆ ಮಾತ್ರ ಸಿಗುವುದಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಅದೇ ವೈಫೈನಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇಟ್ಟು ನನ್ನದರ ಪೋರ್ಟ್‌ಗಳನ್ನು ಸ್ಕ್ಯಾನ್ ಮಾಡಿದೆ. 6379 ಮುಚ್ಚಿತ್ತು. ಸಮಾಧಾನವಾಯಿತು. ಪಟ್ಟಿಯಲ್ಲಿ ಕೆಳಗೆ ನೋಡಿದರೆ ವಿಂಡೋಸ್ ಫೈಲ್ ಹಂಚಿಕೆಯ 445 ತೆರೆದಿತ್ತು. ಇದು ಯಾಕೆ ತೆರೆದಿದೆ ಅಂತ ಹುಡುಕುತ್ತಾ ಹೋದೆ. ಮೊದಲ ದಿನ ಐದು ನಿಮಿಷಕ್ಕೆ ಅಂತ ಆಫ್ ಮಾಡಿದ ಫೈರ್‌ವಾಲ್ ಇನ್ನೂ ಆಫ್ ಆಗಿಯೇ ಇತ್ತು.